ಪ್ರಭಾರ

ಮಂಗಳವಾರ, 10 ಜೂನ್ 2025

ಶಾಲೆ ಮುಗಿಸಿ ಕಾರಿನ ಹಿಂದೆ ಬ್ಯಾಗು ಇಡುತ್ತಿದ್ದೆ, ಕ್ಲಬ್ಬಿನ ಪ್ರೆಸಿಡೆಂಟ್ ಫೋನು ಮಾಡಿದರು. ಎರಡು ನಿಮಿಷದ ಮಾತು. ನಿನ್ನೆ ರಜೆಯ ದಿನವೇ ಕಮಿಟಿ ಸೇರಿದೆ, ಮೇಷ್ಟ್ರನ್ನು ಕರೆದು ಮಾತಾಡಿದೆ, ಇವತ್ತಿನಿಂದ ಅವರು ನಮ್ಮ ಕೋಚ್ ಅಲ್ಲ. ಒಂಬತ್ತು ಪಂದ್ಯದಲ್ಲಿ ಎರಡೇ ಗೆಲುವು. "ಉಳಿದ ಎಂಟು ಪಂದ್ಯ ನೀವು ನೋಡಿಕೊಳ್ಳಬೇಕು, ಗುರುವಾರದ ಪ್ರಾಕ್ಟೀಸಿನೊಳಗೆ ಹೇಳಿ" ಅಂದರು. ಒಂದು ಗಳಿಗೆ ಸುಮ್ಮನಿದ್ದು, "ಸೀಸನ್ ಮುಗಿದ ಮೇಲೆ ಅರ್ಜಿ ಕರೀತೀವಿ, ನೀವೂ ಹಾಕಬಹುದು" ಅಂತ ಸೇರಿಸಿದರು. ಮನೆಗೆ ಬರುವಷ್ಟರಲ್ಲಿ ಮೊದಲ ಮಾತೆಲ್ಲ ಮಸುಕಾಗಿ, ಕೊನೆಯ ಈ ಮಾತು ಮಾತ್ರ ತಲೆಯಲ್ಲಿ ಉಳಿದಿತ್ತು. ಅದಕ್ಕೇ ಮನಸ್ಸು ಕೆಟ್ಟಿದೆ.

ಮೇಷ್ಟ್ರು ಅಂತ ನಾನು ಈ ಪುಸ್ತಕದಲ್ಲಿ ಮಾತ್ರ ಕರೆಯುವುದು. ಎದುರಿಗೆ ಎಲ್ಲರಂತೆ ಹೆಸರು ಹಿಡಿದೇ ಕರೆಯುತ್ತೇನೆ. ಹದಿನೇಳು ವರ್ಷ ಆಸ್ಟ್ರೇಲಿಯಾದಲ್ಲಿದ್ದರೂ ಅರವತ್ತು ದಾಟಿದವರನ್ನು ಹೆಸರಿನಿಂದ ಕೂಗುವಾಗ ನಾಲಿಗೆ ಈಗಲೂ ತಡೆಯುತ್ತದೆ. 2019ರಲ್ಲಿ ಮಗಳು ಪುಟ್ಟಿಗೆ ಏಳು ವರ್ಷ. ಭಾನುವಾರ ಬೆಳಿಗ್ಗೆ ಅವಳನ್ನು ಮಕ್ಕಳಿಗೆ ಫುಟಿ, ಅಂದರೆ ಆಸ್ಟ್ರೇಲಿಯನ್ ಫುಟ್‌ಬಾಲ್, ಕಲಿಸುವ ಆಸ್‌ಕಿಕ್ ತರಗತಿಗೆ ಬಿಟ್ಟು ಬೇಲಿಯಾಚೆ ಫ್ಲಾಸ್ಕಿನ ಕಾಫಿ ಕುಡಿಯುತ್ತ ನಿಂತಿದ್ದವನನ್ನು ಅವರು ಒಳಗೆ ಕರೆದು ಕೈಗೆ ಟ್ಯಾಕಲ್ ಬ್ಯಾಗು ಕೊಟ್ಟರು. ಹಾಸನದ ಕಾಲೇಜಿಗೆ ಕಬಡ್ಡಿ ಆಡುತ್ತಿದ್ದೆ ಅಂತ ಯಾವಾಗಲೋ ಬಾಯಿಬಿಟ್ಟಿದ್ದೆ. "ನಿಮ್ಮ ಆಟದಲ್ಲಿ ಹೇಗೆ ಹಿಡೀತಾರೆ, ತೋರಿಸು" ಅಂದರು. ಫುಟಿಯಲ್ಲಿ ಮಂಡಿಯಿಂದ ಕೆಳಗೆ ಹಿಡಿಯುವಂತಿಲ್ಲ, ಹೆಗಲಿನಿಂದ ಮೇಲೂ ಹಿಡಿಯುವಂತಿಲ್ಲ. ಆ ನಡುವಿನ ಜಾಗಕ್ಕೆ ಕಬಡ್ಡಿಯ ಸೊಂಟದ ಹಿಡಿತವನ್ನು ಹೊಂದಿಸಿದ್ದು ನಾವಿಬ್ಬರೂ ಸೇರಿ. ಅದಕ್ಕೆ ಪ್ರತಿಯಾಗಿ ಅವರು ನನಗೆ ಇಡೀ ಆಟವನ್ನೇ ಕೊಟ್ಟರು. ಚೆಂಡನ್ನು ಒದೆಯುವುದಲ್ಲ, ಕಾಲಿನ ಮೇಲೆ ಇಡುವುದು ಅನ್ನುವುದನ್ನು ಕಲಿಸಲು ಒಂದು ಇಡೀ ಚಳಿಗಾಲ ನನ್ನ ಬಲಗೈ ಮಣಿಕಟ್ಟು ಹಿಡಿದುಕೊಂಡು ನಿಂತಿದ್ದಾರೆ. ಚೆಂಡು ಕೈಯಿಂದ ಬಿಡುವಾಗ ಒಂದು ಬೆರಳಿನಷ್ಟು ಓರೆಯಾದರೂ ನಲವತ್ತು ಮೀಟರ್ ಆಚೆ ಅದು ಬೇರೆ ಊರಿಗೆ ಹೋಗಿರುತ್ತದೆ.

ಮೂರು ವರ್ಷದಿಂದ ಮಹಿಳಾ ತಂಡದಲ್ಲಿ ಅವರ ಅಸಿಸ್ಟೆಂಟ್ ನಾನು, ಡಿಫೆನ್ಸ್ ನನ್ನ ಪಾಲು. ಇವತ್ತು ಎರಡು ಸಲ ಫೋನು ಮಾಡಿದೆ. ಎತ್ತಲಿಲ್ಲ.

ಬುಧವಾರ, 11 ಜೂನ್

ನಿದ್ದೆ ಬರಲಿಲ್ಲ. ಮೂರು ಗಂಟೆಗೆ ಎದ್ದು ಅಡುಗೆಮನೆಯಲ್ಲಿ ಕೂತು ಒಂದು ಚೀಟಿಯಲ್ಲಿ ಲಾಭ, ನಷ್ಟ ಅಂತ ಕಾಲಮ್ಮು ಎಳೆದು ಲೆಕ್ಕ ಹಾಕಿದೆ.

ನನ್ನ ಆಸೆಯನ್ನು ಇಲ್ಲಾದರೂ ಮುಚ್ಚಿಡಬಾರದು. ನನಗೆ ಇದೇ ಕೆಲಸವಾಗಬೇಕು. ಶಾಲೆಯಲ್ಲಿ ಗಣಿತ, ಪಿ.ಇ. ಪಾಠ ಮುಗಿಸಿ ಸಂಜೆ ಮೈದಾನಕ್ಕೆ ಓಡುವುದಲ್ಲ, ಬೆಳಗಿನಿಂದ ರಾತ್ರಿವರೆಗೆ ಇದೇ. ಇಲ್ಲಿನ ಅತಿ ದೊಡ್ಡ ಲೀಗಾದ ಎಎಫ್‌ಎಲ್‌ನಲ್ಲಿ ಗಂಡಸರ ತಂಡ 18, ಹೆಂಗಸರ ಲೀಗು 2017ರಲ್ಲಿ ಶುರುವಾಗಿ 2022ರ ಹೊತ್ತಿಗೆ ಅಲ್ಲೂ 18. ಇಡೀ ದೇಶದಲ್ಲಿ ಮುಖ್ಯ ಕೋಚಿನ ಕುರ್ಚಿ ಮೂವತ್ತಾರು. ಅಲ್ಲಿಗೆ ಹೋಗುವ ಏಣಿಯಲ್ಲಿ ನಾನಿನ್ನೂ ಕೆಳಗಿನ ಮೆಟ್ಟಿಲಿನ ಹತ್ತಿರ. 2020ರಲ್ಲಿ ಕೊರೊನಾ ಬಂದು ಕ್ಲಬ್ಬುಗಳ ಫುಟ್‌ಬಾಲ್ ವಿಭಾಗದ ಖರ್ಚಿನ ಮಿತಿಯನ್ನು ಸುಮಾರು 97 ಲಕ್ಷ ಡಾಲರಿನಿಂದ 62 ಲಕ್ಷಕ್ಕೆ ಇಳಿಸಿದಾಗ ಆ ಏಣಿಯ ನಡುವಿನ ಎಷ್ಟೋ ಮೆಟ್ಟಿಲುಗಳೇ ಕಿತ್ತುಹೋದವು. ಅಸಿಸ್ಟೆಂಟುಗಳು, ಹುಡುಗರನ್ನು ತಯಾರು ಮಾಡುವ ಕೋಚ್‌ಗಳು ಮನೆಗೆ ಹೋದರು. ನಲವತ್ತೊಂದು ವಯಸ್ಸಿನವನಿಗೆ, ಅದೂ ಇಪ್ಪತ್ತನಾಲ್ಕು ವರ್ಷವಾಗುವವರೆಗೆ ಈ ಚೆಂಡನ್ನು ಕಣ್ಣಲ್ಲೂ ಕಾಣದವನಿಗೆ, "ಮುಖ್ಯ ಕೋಚ್ ಆಗಿದ್ದೆ" ಅಂತ ಬರೆದುಕೊಳ್ಳುವ ಅವಕಾಶ ಇನ್ನೊಮ್ಮೆ ಎಲ್ಲಿಂದ ಬರಬೇಕು?

ಆದರೆ 2019 ನೆನಪಾಗುತ್ತದೆ. ನಾನು ಫುಟಿ ನೋಡಲು ಕಲಿತ ವರ್ಷ ಅದು. ಅದೊಂದೇ ಸೀಸನ್ನಿನಲ್ಲಿ ಮೂರು ತಂಡಗಳ ಕೋಚ್ ನಡುದಾರಿಯಲ್ಲಿ ಹೋದರು, ಮೂರಕ್ಕೂ ಹಂಗಾಮಿ ಕೋಚ್ ಬಂದರು. ನಾರ್ತ್ ಮೆಲ್ಬರ್ನ್‌ಗೆ ರೈಸ್ ಶಾ, 12ರಲ್ಲಿ 7 ಗೆಲುವು. ಕಾರ್ಲ್‌ಟನ್‌ಗೆ ಡೇವಿಡ್ ಟೀಗ್, 11ರಲ್ಲಿ 6. ಸೇಂಟ್ ಕಿಲ್ಡಾಗೆ ಬ್ರೆಟ್ ರ‍್ಯಾಟನ್, 6ರಲ್ಲಿ 3. ಮೂವರಿಗೂ ಕೆಲಸ ಖಾಯಂ ಆಯಿತು. ಹಂಗಾಮಿಯಾಗುವುದೇ ದೊಡ್ಡ ಬಾಗಿಲು ಅಂತ ಆ ವರ್ಷ ಎಲ್ಲರೂ ಅಂದುಕೊಂಡರು, ನಾನೂ ಅಂದುಕೊಂಡೆ. ಶಾ ಒಂದು ಪೂರ್ತಿ ಸೀಸನ್ ಕಂಡರು, 17ರಲ್ಲಿ 3 ಗೆಲುವು, 2020ರ ಕೊನೆಗೆ ಹೊರಟರು. ಟೀಗ್‌ರನ್ನು 2021ರ ಆಗಸ್ಟಿನಲ್ಲಿ ಕಳಿಸಿದರು. ರ‍್ಯಾಟನ್‌ರ ಒಪ್ಪಂದವನ್ನು 2022ರ ನಡುವೆ ಎರಡು ವರ್ಷ ವಿಸ್ತರಿಸಿ, ಅದೇ ಅಕ್ಟೋಬರಿನಲ್ಲಿ ಮುರಿದರು. 2022 ಮುಗಿಯುವಷ್ಟರಲ್ಲಿ ಮೂರು ಕುರ್ಚಿಯೂ ಖಾಲಿ.

ಅವರ ತಪ್ಪು ಏನೆಂದು ತುಂಬ ಯೋಚಿಸಿದ್ದೇನೆ. ಹಂಗಾಮಿ ಕೋಚ್ ಗೆಲ್ಲುವ ಪಂದ್ಯಗಳು ಬಿಡುಗಡೆಯ ಪಂದ್ಯಗಳು. ಭಾರ ಇಳಿದಿರುತ್ತದೆ, ಹುಡುಗರು ಹಗುರಾಗಿ ಓಡುತ್ತಾರೆ. ಆ ಹಗುರತನ ತಂಡದ ನಿಜವಾದ ಬಲ ಅಂತ ಕ್ಲಬ್ಬು ನಂಬಿಬಿಡುತ್ತದೆ. ಅದೇ ತಂಡ, ಅದೇ ಗಾಯಗಳು, ಅದೇ ಕೊರತೆ ಮುಂದಿನ ಮಾರ್ಚಿನಲ್ಲಿ ವಾಪಸು ಬರುತ್ತವೆ, ಆಗ ಬೆಂಚಿನ ಬಳಿ ನಿಂತಿರುವವನು ಹಂಗಾಮಿ ಅಲ್ಲ.

ಹಾಗಂತ ಎಲ್ಲರಿಗೂ ಹಾಗೇ ಆಗಿಲ್ಲ. 2002ರಲ್ಲಿ ಸಿಡ್ನಿ ಸ್ವಾನ್ಸ್‌ಗೆ ಪಾಲ್ ರೂಸ್ ಬಂದಾಗ ಕ್ಲಬ್ಬಿನ ಕಣ್ಣು ಬೇರೆ ಕೋಚಿನ ಮೇಲಿತ್ತು. ರೂಸ್ ಹತ್ತರಲ್ಲಿ ಆರು ಗೆದ್ದರು, ಜನ ಅವರೇ ಬೇಕೆಂದು ಹಟ ಹಿಡಿದರು. ಮೂರು ವರ್ಷಕ್ಕೆ, 2005ರಲ್ಲಿ, 72 ವರ್ಷ ಕಾದಿದ್ದ ಕಪ್ಪು ಬಂತು, ಬರೀ ನಾಲ್ಕು ಅಂಕದ ಅಂತರದಲ್ಲಿ.

ಬೆಳಿಗ್ಗೆ ಎದ್ದ ನನ್ನಾಕೆ ಚೀಟಿ ನೋಡಿ ಒಂದೇ ಪ್ರಶ್ನೆ ಕೇಳಿದಳು. "ಬೇಡ ಅಂದ್ರೆ ಏನಾಗುತ್ತೆ?" ಆ ಕಾಲಮ್ಮನ್ನು ನಾನು ಬರೆದೇ ಇರಲಿಲ್ಲ. ಬೇಡ ಅಂದರೆ ಫಾರ್ವರ್ಡ್ ಸಾಲು ನೋಡಿಕೊಳ್ಳುವ ಗೆಳೆಯನಿಗೆ ಕೊಡುತ್ತಾರೆ. ಮುಂದಿನ ವರ್ಷ ಹೊಸ ಕೋಚ್ ಬರುತ್ತಾರೆ, ತಮ್ಮವರನ್ನು ಕರೆದುಕೊಂಡು ಬರುತ್ತಾರೆ, ಹೇಗೂ ನನ್ನ ಜಾಗ ಹೋಗುತ್ತದೆ. ಸುಮ್ಮನಿದ್ದರೆ ಕ್ಷೇಮ ಅಂತ ಅಂದುಕೊಂಡಿದ್ದ ಆ ಜಾಗ ಮೇಷ್ಟ್ರು ಹೋದ ದಿನವೇ ಹೋಗಿಯಾಗಿದೆ.

ಗುರುವಾರ, 12 ಜೂನ್

ಒಪ್ಪಿಕೊಂಡೆ.

ರಾತ್ರಿ ಒಂಬತ್ತೂವರೆಗೆ ಅಪ್ಪನಿಗೆ ಫೋನು. ಅರಸೀಕೆರೆಯಲ್ಲಿ ಆಗ ಸಂಜೆ ಐದು, ಅಪ್ಪ ಜಗಲಿಯಲ್ಲಿರುವ ಹೊತ್ತು.

"ಅದು ಫುಟ್‌ಬಾಲೇ ತಾನೆ? ಕೈಯಲ್ಲೂ ಹಿಡ್ಕೊಂಡು ಓಡ್ತಾರೆ ಅಂತೀಯ."

"ಹೌದಪ್ಪ. ಚೆಂಡು ಮೊಟ್ಟೆ ಥರ. ನಾಲ್ಕು ಕಂಬ ಇರ್ತವೆ. ನಡುವಿನ ಎರಡರ ಮಧ್ಯೆ ಒದ್ದರೆ ಆರು, ಪಕ್ಕದಲ್ಲಿ ಹೋದರೆ ಒಂದು."

"ಪಕ್ಕದಲ್ಲಿ ಹೋದರೂ ಒಂದು ಕೊಡ್ತಾರಾ? ಒಳ್ಳೇ ಆಟ ಕಣಪ್ಪ." ಆಮೇಲೆ, "ಖಾಯಮ್ಮಾ, ಪ್ರಭಾರನಾ?"

ಆ ಪದ ಕೇಳಿ ಎಷ್ಟು ವರ್ಷವಾಗಿತ್ತು! ಇಲ್ಲಿ ಕೇರ್‌ಟೇಕರ್ ಅನ್ನುತ್ತಾರೆ, ಇಂಟರಿಮ್ ಅನ್ನುತ್ತಾರೆ. ನಾನು ಮನಸ್ಸಿನಲ್ಲಿ ಹಂಗಾಮಿ ಅಂದುಕೊಳ್ಳುತ್ತಿದ್ದೆ. ಅಪ್ಪನದು ಪ್ರಭಾರ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಅವರ ಹೈಸ್ಕೂಲಿನ ಹೆಡ್‌ಮಾಸ್ಟರಿಗೆ ವರ್ಗವಾಗಿ, ಹೊಸಬರು ಬರುವವರೆಗೆ ಅಂತ ಅಪ್ಪನಿಗೆ ಚಾರ್ಜು ಕೊಟ್ಟರು. "ಬರುವವರೆಗೆ" ಅನ್ನುವುದು ಮೂರು ವರ್ಷವಾಯಿತು. ಅಷ್ಟೂ ದಿನ ಅಪ್ಪ ಹೆಡ್‌ಮಾಸ್ಟರ್ ಕುರ್ಚಿಯಲ್ಲಿ ಕೂರಲಿಲ್ಲ. ಮೇಜಿನ ಪಕ್ಕಕ್ಕೆ ಒಂದು ಸ್ಟೂಲು ಹಾಕಿಕೊಂಡಿದ್ದರು, ಅದರ ಮೇಲೆ ಕೂತೇ ಹಾಜರಿ ಪುಸ್ತಕ, ಬಿಲ್ಲು, ಟಿ.ಸಿ. ಎಲ್ಲಕ್ಕೂ ಸಹಿ ಮಾಡುತ್ತಿದ್ದರು. ಅದನ್ನು ನಾನು ವಿನಯ ಅಂದುಕೊಂಡಿದ್ದೆ. ಇವತ್ತು ಕೇಳಿದೆ, ಯಾಕೆ ಕೂರಲಿಲ್ಲ ಅಂತ.

"ಕೂತ್ರೆ ಏಳಬೇಕಾಗುತ್ತಲ್ಲ, ಅದಕ್ಕೆ," ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಕೂರದೇ ಇದ್ದರೂ ಅಷ್ಟೇ ಆಯ್ತು ಬಿಡು. ಹೊಸ ಹೆಡ್‌ಮಾಸ್ಟರ್ ಬಂದ ಮೇಲೆ ಸ್ಟಾಫ್ ರೂಮಿಗೆ ವಾಪಸು ಹೋದೆ. ನಾನು ಒಳಗೆ ಕಾಲಿಟ್ರೆ ಮಾತಾಡ್ತಿದ್ದೋರು ಸುಮ್ಮನಾಗೋರು. ಮೂರು ವರ್ಷ ಅವರ ರಜಾ ಅರ್ಜಿಗೆ ಸಹಿ ಹಾಕಿದ್ದೆನಲ್ಲ."

ಶನಿವಾರ, 14 ಜೂನ್

ಗೆದ್ದೆವು. 34–30. ಐದು ಗೋಲು, ಪಕ್ಕದಲ್ಲಿ ಹೋದ ನಾಲ್ಕು ಬಿಹೈಂಡ್.

ಬೆಳಗಿನಿಂದ ದಕ್ಷಿಣದ ಗಾಳಿ, ಯು ಯಾಂಗ್ಸ್ ಬೆಟ್ಟ ಮಳೆಯಲ್ಲಿ ಕಾಣುತ್ತಲೇ ಇರಲಿಲ್ಲ. ಮೈದಾನದ ನಡುಭಾಗ ನಾಟಿಗೆ ಸಿದ್ಧವಾದ ಗದ್ದೆಯ ಹಾಗಿತ್ತು. ನಾನು ಬದಲಾಯಿಸಿದ್ದು ಎರಡೇ ವಿಷಯ. ಹಿಂದಿನಿಂದ ಸಣ್ಣ ಸಣ್ಣ ಪಾಸು ಕೊಟ್ಟುಕೊಂಡು ಬರುವುದು ಬೇಡ, ಬೌಂಡರಿ ಗೆರೆ ಹಿಡಿದು ಉದ್ದಕ್ಕೆ ಒದೆಯಿರಿ ಅಂದೆ. ಬೋರ್ಡಿನ ಮೇಲಿನ ಆಯಸ್ಕಾಂತದ ಬಿಲ್ಲೆಗಳಲ್ಲಿ ನಂ. 11ನ್ನು, ನಮ್ಮ ನಾಯಕಿಯನ್ನು, ಮಧ್ಯದಿಂದ ತೆಗೆದು ಡಿಫೆನ್ಸಿಗೆ ಇಟ್ಟೆ. ಎರಡನ್ನೂ ಮೇ ತಿಂಗಳಲ್ಲೇ ಮೇಷ್ಟ್ರಿಗೆ ಹೇಳಿದ್ದೆ. ಅವರು "ಇನ್ನೆರಡು ವಾರ ತಡಿ" ಅಂದಿದ್ದರು. ಅವರಿಗೆ ಆ ಎರಡು ವಾರ ಸಿಗಲಿಲ್ಲ.

ಗೆದ್ದ ಮೇಲೆ ಡ್ರೆಸ್ಸಿಂಗ್ ರೂಮಿನಲ್ಲಿ ಹೆಗಲಿಗೆ ಕೈಹಾಕಿ ಸುತ್ತು ನಿಂತು ಕ್ಲಬ್ಬಿನ ಹಾಡು ಹಾಡುವುದು ಇಲ್ಲಿನ ರೂಢಿ. ನನ್ನನ್ನು ನಡುವಿಗೆ ಎಳೆದರು. ನಂ. 7 ನೀರಿನ ಬಾಟಲಿಯನ್ನು ನನ್ನ ತಲೆ ಮೇಲೆ ಬಗ್ಗಿಸಿದಳು. ಆ ಒಂದು ನಿಮಿಷ ಮೈತುಂಬ ಸಂತೋಷ, ಅದನ್ನು ಅಲ್ಲಗಳೆಯಲಾರೆ. ಹೊರಗೆ ಬಂದು ಕಾರಿನಲ್ಲಿ ಕೂತಾಗ ಫೋನಿನಲ್ಲಿ ಮೇಷ್ಟ್ರ ಮೆಸೇಜು. "ಸ್ಕೋರು ನೋಡಿದೆ. ಗೆರೆ ಹಿಡಿದು ಒದ್ದಿರಬೇಕು." ಅಷ್ಟೇ. ಉತ್ತರ ಬರೆದು ಅಳಿಸಿ, ಬರೆದು ಅಳಿಸಿ, ಕೊನೆಗೆ "ಹೌದು" ಅಂತ ಕಳಿಸಿದೆ.

1996ರಲ್ಲಿ ಫುಟ್‌ಸ್ಕ್ರೇ ತಂಡದ ಬಗ್ಗೆ ತೆಗೆದ "ಇಯರ್ ಆಫ್ ದಿ ಡಾಗ್ಸ್" ಅನ್ನುವ ಸಾಕ್ಷ್ಯಚಿತ್ರವಿದೆ. ಆ ವರ್ಷದ ನಡುವೆ ಆಲನ್ ಜಾಯ್ಸ್ ಹೋಗಿ ಟೆರ್ರಿ ವಾಲೇಸ್ ಹಂಗಾಮಿಯಾದರು. ಡ್ರೆಸ್ಸಿಂಗ್ ರೂಮಿನೊಳಗೇ ಕ್ಯಾಮೆರಾ ಇತ್ತು. ವಾಲೇಸ್ ಹುಡುಗರ ಮುಂದೆ ಕೂಗಾಡುವ ದೃಶ್ಯವನ್ನು ಇಲ್ಲಿ ಎಲ್ಲರೂ ನೆನೆಯುತ್ತಾರೆ. ಮುಂದಿನ ವರ್ಷ ಅದೇ ತಂಡ ಗ್ರ್ಯಾಂಡ್ ಫೈನಲ್ಲಿಗೆ ಎರಡು ಅಂಕ ಸಾಲದೆ ನಿಂತಿತು. ನನಗೆ ಮಾತ್ರ ಆ ಚಿತ್ರ ನೋಡುವಾಗಲೆಲ್ಲ ಕ್ಯಾಮೆರಾ ಜಾಯ್ಸ್ ಜೊತೆಗೆ ಅವರ ಮನೆಯವರೆಗೂ ಹೋಗಬೇಕಿತ್ತು ಅನ್ನಿಸುತ್ತದೆ.

ಗುರುವಾರ, 3 ಜುಲೈ

ಇವತ್ತಿಗೆ ಹತ್ತು ವರ್ಷ. 2015ರ ಜುಲೈ 3ರ ಬೆಳಗಿನ ಜಾವ ಅಡಿಲೇಡ್ ಕೋಚ್ ಫಿಲ್ ವಾಲ್ಶ್ ತಮ್ಮ ಮನೆಯಲ್ಲೇ ಕೊಲೆಯಾದರು. ಆಗ ನನಗೆ ಫುಟಿ ಗೊತ್ತಿರಲಿಲ್ಲ. ಆದರೂ ಅವತ್ತು ಶಾಲೆಯ ಸ್ಟಾಫ್ ರೂಮಿನಲ್ಲಿ ದೊಡ್ಡ ದೊಡ್ಡ ಗಂಡಸರು ಅತ್ತದ್ದು ನೆನಪಿದೆ. ಆ ವಾರದ ಪಂದ್ಯ ರದ್ದು ಮಾಡಿ ಎರಡೂ ತಂಡಕ್ಕೆ ಅಂಕ ಹಂಚಿದರು. ಅದರ ಮುಂದಿನ ವಾರ ಅಸಿಸ್ಟೆಂಟ್ ಸ್ಕಾಟ್ ಕ್ಯಾಂಪೊರಿಯಾಲೆ ತಂಡವನ್ನು ಮೈದಾನಕ್ಕೆ ಕರೆದುಕೊಂಡು ಬಂದರು. ಫೈನಲ್ಸ್ ಹಂತಕ್ಕೆ ಒಯ್ದರು, ಅಲ್ಲಿ ಬುಲ್‌ಡಾಗ್ಸ್ ವಿರುದ್ಧ ಗೆದ್ದರು, ಆಮೇಲೆ ಹಾಥಾರ್ನ್ ಎದುರು ಸೋತರು. ಮುಂದಿನ ವರ್ಷಕ್ಕೆ ಡಾನ್ ಪೈಕ್ ಬಂದರು.

ಕ್ಯಾಂಪೊರಿಯಾಲೆಗೆ ಆ ಕೆಲಸದಿಂದ ಲಾಭವೇನು, ನಷ್ಟವೇನು ಅಂತ ಯಾವ ಕಾಲಮ್ಮಿನಲ್ಲಿ ಬರೆಯಲಿ? ಸತ್ತವನ ಜಾಗದಲ್ಲಿ ನಿಂತು, ದುಃಖದಲ್ಲಿರುವ ನಲವತ್ತಕ್ಕೂ ಹೆಚ್ಚು ಗಂಡುಮಕ್ಕಳನ್ನು ಎರಡೂವರೆ ತಿಂಗಳು ಹಿಡಿದು ನಿಲ್ಲಿಸಿದ್ದಕ್ಕೆ ಗೆಲುವಿನ ಶೇಕಡಾವಾರು ಅಳತೆಯಾಗುವುದಿಲ್ಲ. ನನ್ನದು ಅದರ ಮುಂದೆ ತೀರ ಸಣ್ಣ ಮಾತು. ನನ್ನ ಮೇಷ್ಟ್ರು ಬದುಕಿದ್ದಾರೆ, ಹದಿನೈದು ನಿಮಿಷದ ದಾರಿಯಲ್ಲಿದ್ದಾರೆ, ನಾನಿನ್ನೂ ಹೋಗಿ ಬಾಗಿಲು ತಟ್ಟಿಲ್ಲ.

ಕಳೆದ ಎರಡು ಪಂದ್ಯ ಸೋತೆವು. ಮಳೆ ಇಲ್ಲದ ದಿನ ಗೆರೆ ಹಿಡಿದು ಒದೆಯುವುದು ನಡೆಯಲಿಲ್ಲ, ಎದುರಾಳಿಗಳು ಅಲ್ಲೇ ಬಂದು ನಿಂತಿದ್ದರು.

ಇವತ್ತು ಪ್ರಾಕ್ಟೀಸಿನ ನಂತರ ನಂ. 4ನ್ನು ಕೈಬಿಟ್ಟೆ. ಮೂವತ್ತಾರು ವರ್ಷ, ಎರಡು ಮಕ್ಕಳ ತಾಯಿ, ಕ್ಲಬ್ಬು ಮಹಿಳಾ ತಂಡ ಕಟ್ಟಿದ ಮೊದಲ ದಿನದಿಂದ ಆಡುತ್ತಿದ್ದಾಳೆ. ತೊಡೆಸ್ನಾಯು ಎರಡನೇ ಸಲ ಹಿಡಿದುಕೊಂಡಿದೆ, ಓಟ ಸಾಲುತ್ತಿಲ್ಲ. ಕಳೆದ ವರ್ಷ ಅವಳನ್ನು ಮೇಷ್ಟ್ರು ಒಂದು ಪಂದ್ಯಕ್ಕೆ ಬಿಟ್ಟಾಗ, ಅವಳು ಬಂದು ಮನಸ್ಸು ತೋಡಿಕೊಂಡಿದ್ದು ನನ್ನ ಹತ್ತಿರ. ಅಸಿಸ್ಟೆಂಟಿನ ಕೆಲಸವೇ ಅದು. ಮುಖ್ಯ ಕೋಚ್ ನೋವು ಕೊಡುತ್ತಾರೆ, ಅಸಿಸ್ಟೆಂಟ್ ಪಕ್ಕದಲ್ಲಿ ಕೂರುತ್ತಾನೆ. ಇವತ್ತು ನೋವು ಕೊಟ್ಟವನು ನಾನು. ಪಕ್ಕದಲ್ಲಿ ಯಾರು ಕೂತರೋ ಗೊತ್ತಿಲ್ಲ. ಅವಳು ಏನೂ ಅನ್ನಲಿಲ್ಲ. ಪ್ರಾಕ್ಟೀಸಿನ ಹಳದಿ ಬಿಬ್ ತೆಗೆದು, ಮಗುವಿನ ಬಟ್ಟೆ ಮಡಿಸುವ ಹಾಗೆ ನಾಲ್ಕು ಮಡಿಕೆ ಮಡಿಸಿ, ನನ್ನ ಕೈಗೆ ಕೊಟ್ಟು ಹೋದಳು.

ನಾನು ಡ್ರೆಸ್ಸಿಂಗ್ ರೂಮಿಗೆ ಹೋದಾಗ ಮಾತು ನಿಂತಿತು.

ಭಾನುವಾರ, 20 ಜುಲೈ

ಐದು ಪಂದ್ಯ, ಒಂದು ಗೆಲುವು, ನಾಲ್ಕು ಸೋಲು.

ಗೆಳೆಯ, ಫಾರ್ವರ್ಡ್ ಸಾಲಿನವನು, ನನ್ನ ಜೊತೆ ಕಾರಿನಲ್ಲಿ ಬರುವುದನ್ನು ನಿಲ್ಲಿಸಿದ್ದಾನೆ. ಜಗಳವೇನಿಲ್ಲ. ಮೂರು ವರ್ಷ ಸೋತ ಪಂದ್ಯದ ಬಳಿಕ ಇಬ್ಬರೂ ವೆಸ್ಟ್‌ಗೇಟ್ ಸೇತುವೆ ದಾಟುವವರೆಗೆ ಮೇಷ್ಟ್ರ ತಪ್ಪುಗಳನ್ನು ಲೆಕ್ಕ ಹಾಕುತ್ತಿದ್ದೆವು. ಈಗ ಅವನು ಲೆಕ್ಕ ಹಾಕಬೇಕಾದ ತಪ್ಪುಗಳು ನನ್ನವು.

ಬ್ರೆಟ್ ರ‍್ಯಾಟನ್ ಕಥೆಯನ್ನು ನಾನು ಇಷ್ಟು ದಿನ ಅರ್ಧವೇ ಯೋಚಿಸಿದ್ದೆ. 2019ರದ್ದು ಅವರ ಎರಡನೇ ಸಲ. ಮೊದಲ ಸಲ 2007ರಲ್ಲಿ ಕಾರ್ಲ್‌ಟನ್‌ಗೆ. ಡೆನಿಸ್ ಪೇಗನ್ ಹೋದ ಮೇಲೆ ಉಳಿದ ಆರು ಪಂದ್ಯ ಇವರ ಕೈಗೆ ಬಂತು, ಆರನ್ನೂ ಸೋತರು. ಆದರೂ ಅವರನ್ನೇ ಖಾಯಂ ಮಾಡಿದರು. ಮೂರು ವರ್ಷ ಸಾಲಾಗಿ, 2009ರಿಂದ 2011ರವರೆಗೆ, ತಂಡ ಫೈನಲ್ಸ್ ಹಂತಕ್ಕೆ ಹೋಯಿತು. 2012ರಲ್ಲಿ ತಪ್ಪಿತು, ಅವರೂ ಹೋದರು. ಮತ್ತೆ ಅಸಿಸ್ಟೆಂಟ್ ಆಗಿ ಹಾಥಾರ್ನ್ ಸೇರಿದರು, ಅಲ್ಲಿ ಕಪ್ಪುಗಳು ಬಂದವು. ಮತ್ತೆ ಸೇಂಟ್ ಕಿಲ್ಡಾ, ಮತ್ತೆ ಹಂಗಾಮಿ, ಖಾಯಂ, ವಜಾ. 2023ರಲ್ಲಿ ನಾರ್ತ್ ಮೆಲ್ಬರ್ನ್ ಕೋಚ್ ಅಲಸ್ಟೇರ್ ಕ್ಲಾರ್ಕ್‌ಸನ್ ರಜೆಯ ಮೇಲೆ ಹೋದಾಗ ಮೂರನೇ ಸಲ ಹಂಗಾಮಿ. ಒಂದೂ ಪಂದ್ಯ ಗೆಲ್ಲಲಾಗಲಿಲ್ಲ. ಕ್ಲಾರ್ಕ್‌ಸನ್ ವಾಪಸು ಬಂದರು, ರ‍್ಯಾಟನ್ ಪಕ್ಕಕ್ಕೆ ಸರಿದು ತಮ್ಮ ಹಿಂದಿನ ಕೆಲಸ ಹಿಡಿದರು.

ಮುಖ್ಯ ಕುರ್ಚಿಯಲ್ಲಿ ಕೂತು, ಎದ್ದು, ಮತ್ತೆ ಪಕ್ಕದ ಸ್ಟೂಲಿನ ಮೇಲೆ ಕೂತು, ಮತ್ತೆ ಕರೆದಾಗ ಎದ್ದು ಬಂದ ಆ ಮನುಷ್ಯನ ಬಗ್ಗೆ ನನಗೆ ದೊಡ್ಡ ಗೌರವವಿದೆ. ಅಷ್ಟು ಸಲ ಏಳುವ ಮೊಣಕಾಲು ಎಲ್ಲರಿಗೂ ಇರುವುದಿಲ್ಲ.

ಇವತ್ತು ಮಧ್ಯಾಹ್ನ ಮೇಷ್ಟ್ರ ಮನೆಗೆ ಹೋದೆ. ಗ್ಯಾರೇಜಿನಲ್ಲಿ ಮೊಮ್ಮಗನ ಸೈಕಲ್ಲಿಗೆ ಚೈನು ಹಾಕುತ್ತಿದ್ದರು. ಕೈತುಂಬ ಗ್ರೀಸು, ಅದಕ್ಕೇ ಕೈಕುಲುಕದೆ ಮೊಣಕೈ ಚಾಚಿದರು. ಒಂದು ಗಂಟೆ ಕೂತಿದ್ದೆ. ತಂಡದ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೊರಡುವಾಗ ಕೇಳಿದರು, "ಏಳನೇ ನಂಬರಿನ ಹುಡುಗಿಯ ಯಾವ ಪಕ್ಕ ನಿಂತು ಮಾತಾಡ್ತೀಯ?" ಎಡಗಡೆ ಅಂದೆ. ಸರಿ ಅಂತ ತಲೆಯಾಡಿಸಿದರು.

ಬುಧವಾರ, 6 ಆಗಸ್ಟ್

ನಿನ್ನೆ ಮೆಲ್ಬರ್ನ್ ಕ್ಲಬ್ಬು ಸೈಮನ್ ಗುಡ್‌ವಿನ್‌ರನ್ನು ಕಳಿಸಿತು. 57 ವರ್ಷದ ನಂತರ, 2021ರಲ್ಲಿ, ಆ ಕ್ಲಬ್ಬಿಗೆ ಕಪ್ಪು ತಂದುಕೊಟ್ಟವರು. ನಾಲ್ಕು ವರ್ಷವೂ ತುಂಬಿಲ್ಲ. ಉಳಿದ ಮೂರು ಪಂದ್ಯಕ್ಕೆ ಟ್ರಾಯ್ ಚಾಪ್ಲಿನ್ ಹಂಗಾಮಿ. ಶಾಲೆಯಲ್ಲಿ ಇಡೀ ದಿನ ಎಲ್ಲರ ಬಾಯಲ್ಲೂ ಮುಂದಿನ ಕೋಚ್ ಯಾರು ಅನ್ನುವುದೇ. ಚಾಪ್ಲಿನ್ ಹೆಸರು ಯಾರೂ ಎತ್ತಲಿಲ್ಲ. ನಾನು ಊಟದ ಹೊತ್ತಿನಲ್ಲಿ ಅವರ ಬಗ್ಗೆಯೇ ಯೋಚಿಸುತ್ತಿದ್ದೆ. ಇವತ್ತು ಬೆಳಿಗ್ಗೆ ಅವರು ಮೀಟಿಂಗ್ ರೂಮಿಗೆ ಕಾಲಿಟ್ಟಾಗ ಮೊದಲ ಮಾತು ಏನು ಆಡಿರಬಹುದು?

ನಾನು ಮೊದಲ ದಿನ ಆಡಿದ್ದು ನೆನಪಿದೆ. "ಬನ್ನಿ, ಚೆಂಡಿಗೆ ಗಾಳಿ ಹಾಕೋಣ" ಅಂದಿದ್ದೆ. ಅದು ಯಾವಾಗಲೂ ಮೇಷ್ಟ್ರು ಮಾಡುತ್ತಿದ್ದ ಕೆಲಸ, ಆ ಪಂಪು ಯಾರ ಕೈಯಲ್ಲಿ ಇರಬೇಕು ಅಂತ ಯಾರಿಗೂ ತಿಳಿಯದೆ ಮೂಲೆಯಲ್ಲಿ ಬಿದ್ದಿತ್ತು.

ಶನಿವಾರ, 16 ಆಗಸ್ಟ್

ಕೊನೆಯ ಪಂದ್ಯ ಗೆದ್ದೆವು. ಒಟ್ಟು ಎಂಟರಲ್ಲಿ ಮೂರು. ನಂ. 4ನ್ನು ಮೂರು ವಾರದ ಹಿಂದೆಯೇ ವಾಪಸು ತೆಗೆದುಕೊಂಡಿದ್ದೆ, ತೊಡೆ ವಾಸಿಯಾದ ಮೇಲೆ. ಇವತ್ತು ಮೂರನೇ ಕ್ವಾರ್ಟರಿನ ಬಿಡುವಿನಲ್ಲಿ ಎಲ್ಲರೂ ಮೈದಾನದ ನಡುವೆ ಸುತ್ತು ನಿಂತಾಗ ನನಗೆ ಮಾತೇ ಬರಲಿಲ್ಲ, ಗಂಟಲು ಕಟ್ಟಿತು. ಅವಳೇ ಮುಂದೆ ಬಂದು ಮಾತಾಡಿದಳು. ಹನ್ನೊಂದು ಅಂಕ ಹಿಂದಿದ್ದೆವು.

ಪಂದ್ಯ ಮುಗಿದ ಮೇಲೆ ನೋಡಿದರೆ ದೂರದ ಗೋಲು ಕಂಬದ ಹಿಂದೆ, ಬೇಲಿಯ ಆಚೆ, ಟೋಪಿ ಹಾಕಿಕೊಂಡು ಮೇಷ್ಟ್ರು. ಹುಡುಗಿಯರೂ ನೋಡಿದರು. ಮೊದಲು ಒಬ್ಬಳು, ಆಮೇಲೆ ಇಡೀ ತಂಡ ಅತ್ತ ಓಡಿತು. ನಾನು ಬೆಂಚಿನ ಹತ್ತಿರವೇ ನಿಂತು ಬೋರ್ಡಿನ ಬಿಲ್ಲೆಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದೆ. ಅವರದು ಅವರಿಗೆ ಸಿಗಲಿ ಅನ್ನಿಸಿತು.

ಮಂಗಳವಾರ, 26 ಆಗಸ್ಟ್

ಸಂದರ್ಶನ. ಕ್ಲಬ್ಬಿನ ಹಾಲಿನಲ್ಲಿ ಮೇಜಿನಾಚೆ ಆರು ಜನ. ವಾರಗಟ್ಟಲೆ ನನಗೆ ಕ್ಯಾಂಟೀನಿನಲ್ಲಿ ಪೈ ಬಿಸಿ ಮಾಡಿ ಕೊಟ್ಟವರೇ ಮೂವರು.

"ಮುಂದಿನ ಮೂರು ವರ್ಷಕ್ಕೆ ನಿಮ್ಮ ಯೋಜನೆ ಏನು?"

ಈ ಪ್ರಶ್ನೆ ಬರುತ್ತದೆ ಅಂತ ಗೊತ್ತಿತ್ತು. ಹೊರಗಿನಿಂದ ಬರುವವರು ಇದಕ್ಕೆ ತಿಂಗಳುಗಟ್ಟಲೆ ತಯಾರಾಗುತ್ತಾರೆ, ಬಣ್ಣದ ಪುಟಗಳನ್ನು ಮಾಡಿಕೊಂಡು ಬರುತ್ತಾರೆ. ಹಂಗಾಮಿಗೆ ಆ ಸಮಯ ಎಲ್ಲಿ? ಜೂನಿನಿಂದ ನನಗಿದ್ದ ಯೋಜನೆಯೆಲ್ಲ ಬರುವ ಶನಿವಾರದ್ದು. ಯಾರ ಮಂಡಿ ಹೇಗಿದೆ, ಯಾರಿಗೆ ನೈಟ್ ಶಿಫ್ಟು, ಗಾಳಿ ಯಾವ ಕಡೆ. ಇನ್ನೊಂದು ವಿಷಯ ಅಲ್ಲಿ ಕೂತಾಗಲೇ ತಿಳಿಯಿತು. ಹೊರಗಿನ ಅಭ್ಯರ್ಥಿಯ ತಪ್ಪುಗಳು ಬೇರೆ ಊರಿನಲ್ಲಿ ಉಳಿದಿರುತ್ತವೆ. ನನ್ನ ಐದು ಸೋಲನ್ನೂ ಆ ಆರು ಜನ ಮಳೆಯಲ್ಲಿ ನಿಂತು ಕಣ್ಣಾರೆ ನೋಡಿದ್ದಾರೆ.

ನನಗೆ ತಿಳಿದದ್ದನ್ನು ತಿಳಿದ ಹಾಗೆ ಹೇಳಿದೆ. ಚೆನ್ನಾಗಿಯೇ ಹೇಳಿದೆ.

ಗುರುವಾರ, 4 ಸೆಪ್ಟೆಂಬರ್

ಆಗಲಿಲ್ಲ. ಬೇರೆ ಲೀಗಿನಿಂದ ಒಬ್ಬ ಮಹಿಳೆಯನ್ನು ತಂದಿದ್ದಾರೆ, ಆಡಿ ಬಂದವರು, ನಾಲ್ಕು ವರ್ಷ ಮುಖ್ಯ ಕೋಚ್ ಆಗಿದ್ದವರು. ಅವರ ಬಗ್ಗೆ ಒಳ್ಳೆಯದನ್ನೇ ಕೇಳಿದ್ದೇನೆ. ಪ್ರೆಸಿಡೆಂಟ್ ಮನೆಗೇ ಬಂದು ಹೇಳಿದರು, ಅದು ದೊಡ್ಡ ಗುಣ. "ಡಿಫೆನ್ಸ್ ನಿಮ್ಮದೇ. ಇರಿ" ಅಂದರು.

ಇರುವುದಿಲ್ಲ ಅಂದೆ. ಕೋಪದಿಂದಲ್ಲ. ಅಪ್ಪನ ಸ್ಟಾಫ್ ರೂಮು ಕಣ್ಣ ಮುಂದೆ ಬಂತು. ನಾನಿದ್ದರೆ ಕೈಬಿಟ್ಟ ಹುಡುಗಿ ಮನಸ್ಸು ತೋಡಿಕೊಳ್ಳಲು ನನ್ನ ಹತ್ತಿರ ಬರುತ್ತಾಳೆ, "ನೀವಿದ್ದಿದ್ದರೆ" ಅನ್ನುತ್ತಾಳೆ. ಆ ಮಾತು ಹೊಸ ಕೋಚಿನ ಕಾಲಡಿಯ ನೆಲ ಅಗೆಯುತ್ತದೆ, ನಾನು ಬೇಡವೆಂದರೂ ಅಗೆಯುತ್ತದೆ.

ಪುಟ್ಟಿ ಮಾತ್ರ ಅತ್ತಳು. ಅವಳು ಮುಂದಿನ ವರ್ಷವೂ ಅಲ್ಲೇ ಆಡುತ್ತಾಳೆ, ನಾನು ಬೇಲಿಯಾಚೆ ಫ್ಲಾಸ್ಕು ಹಿಡಿದು ನಿಲ್ಲುತ್ತೇನೆ.

ಶನಿವಾರ, 20 ಸೆಪ್ಟೆಂಬರ್

ಮೆಲ್ಬರ್ನ್ ಕ್ಲಬ್ಬಿಗೆ ಹೊಸ ಕೋಚ್ ಆಗಿ ಸ್ಟೀವನ್ ಕಿಂಗ್ ಬಂದಿದ್ದಾರೆ. ಅವರು 2023ರಲ್ಲಿ ಗೋಲ್ಡ್ ಕೋಸ್ಟ್‌ಗೆ ಹಂಗಾಮಿಯಾಗಿದ್ದವರು, ಅಲ್ಲಿ ಕೆಲಸ ಡೇಮಿಯನ್ ಹಾರ್ಡ್‌ವಿಕ್‌ಗೆ ಹೋಯಿತು. ಅದೇ ವರ್ಷ ಹಾರ್ಡ್‌ವಿಕ್ ಬಿಟ್ಟುಹೋದ ರಿಚ್ಮಂಡ್‌ನಲ್ಲಿ ಹಂಗಾಮಿಯಾದ ಆಂಡ್ರ್ಯೂ ಮೆಕ್ವಾಲ್ಟರ್ 13ರಲ್ಲಿ 7 ಗೆದ್ದರು, ಅವರಿಗೂ ಕೊಡಲಿಲ್ಲ. ಈಗ ಅವರು ವೆಸ್ಟ್ ಕೋಸ್ಟ್ ಕೋಚ್, ಈ ವರ್ಷ 23 ಪಂದ್ಯದಲ್ಲಿ ಒಂದೇ ಗೆಲುವು. 2019ರ ಮೂವರನ್ನೇ ನೋಡುತ್ತಿದ್ದವನು ಈ ಇಬ್ಬರನ್ನು ಸರಿಯಾಗಿ ನೋಡಿರಲಿಲ್ಲ. ಕೆಲಸ ಸಿಗದೆ ಹೊರಗೆ ಹೋದ ಹಂಗಾಮಿಗಳು, ಬೇರೆ ಮನೆಯಲ್ಲಿ ಅಸಿಸ್ಟೆಂಟ್ ಆಗಿ ಕೂತು ಮತ್ತೆ ಕಲಿತವರು. ಆ ದಾರಿಯೂ ಇದೆ. ಅದರ ಕೊನೆಯಲ್ಲಿ ಇರುವುದು 23ರಲ್ಲಿ ಒಂದೇ ಗೆಲುವಾದರೂ ಆಗಬಹುದು, ಅದನ್ನೂ ಬರೆದಿಡುತ್ತೇನೆ. ನಾಲ್ಕು ಕಡೆ ಅರ್ಜಿ ಹಾಕಿದ್ದೇನೆ. "ಮುಖ್ಯ ಕೋಚ್ (ಪ್ರಭಾರ), 8 ಪಂದ್ಯ" ಅನ್ನುವ ಸಾಲು ಸೇರಿಸುವಾಗ ಕೈ ನಡುಗಲಿಲ್ಲ.

ಹೊಸ ಕೋಚ್ ಮೊನ್ನೆ ಫೋನು ಮಾಡಿದ್ದರು. ಹುಡುಗಿಯರ ಬಗ್ಗೆ ನಿಮಗೆ ಗೊತ್ತಿರುವುದನ್ನು ಬರೆದು ಕೊಡುತ್ತೀರಾ ಅಂತ ಕೇಳಿದರು. ಕೇಳಬೇಕು ಅಂತ ಅವರಿಗೆ ಅನ್ನಿಸಿತಲ್ಲ, ಅದಕ್ಕೇ ಇವತ್ತು ಬೆಳಗಿನಿಂದ ಕೂತಿದ್ದೇನೆ.

ನಂ. 11: ಗೆದ್ದಾಗ ಮಾತಾಡಿಸಿ, ಸೋತಾಗ ಅರ್ಧ ಗಂಟೆ ಬಿಡಿ.

ನಂ. 23: ಆಸ್ಪತ್ರೆಯಲ್ಲಿ ನರ್ಸ್. ಶುಕ್ರವಾರ ನೈಟ್ ಶಿಫ್ಟು ಇದ್ದರೆ ಹೇಳುವುದಿಲ್ಲ. ಕಣ್ಣು ನೋಡಿ ತಿಳಿದುಕೊಳ್ಳಬೇಕು. ಅಂಥ ದಿನ ಮೊದಲ ಕ್ವಾರ್ಟರಿನಲ್ಲಿ ಹಾಕಿ, ಕೊನೆಯದರಲ್ಲಿ ಬೇಡ.

ನಂ. 4: ಇನ್ನೊಂದು ವರ್ಷ ಆಡುತ್ತಾಳೆ. ಬಿಡಬೇಕಾಗಿ ಬಂದರೆ ಪ್ರಾಕ್ಟೀಸಿಗೆ ಮುಂಚೆ, ಒಬ್ಬಳೇ ಇರುವಾಗ ಹೇಳಿ. ನಾನು ಆಮೇಲೆ, ಎಲ್ಲರೆದುರು ಹೇಳಿದೆ.

ನಂ. 7: ಬಲಗಿವಿ ಸರಿಯಾಗಿ ಕೇಳಿಸುವುದಿಲ್ಲ. ಇದು ಕ್ಲಬ್ಬಿನ ಯಾವ ಫಾರಮ್ಮಿನಲ್ಲೂ ಇಲ್ಲ. ಮೊದಲು ಹೇಳಿದ್ದು ಹಿಂದಿನ ಕೋಚಿಗೆ, ಅವರಿಂದ ನನಗೆ. ನಿಮಗೆ ಬರೆಯಬಹುದೇ ಅಂತ ನಿನ್ನೆ ಅವಳನ್ನು ಕೇಳಿದೆ, ಬರೆಯಿರಿ ಅಂದಳು. ಬೆಂಚಿನಿಂದ ಕೂಗಬೇಡಿ. ಎಡಗಡೆ ನಿಂತು, ಮೆಲ್ಲಗೆ.

ಒಂಬತ್ತು ಜನ ಮುಗಿದರು. ಇನ್ನು ಹದಿನೇಳು.